ಬೀದರಿನಲ್ಲಿ ವಿದ್ಯೆ ಉಳಿದ ಬಗೆ

ಬೀದರ ಜಿಲ್ಲೆಯ ಚರಿತ್ರೆ ಹೇಳುವವರು ಬಹುಮಟ್ಟಿಗೆ ಎರಡು ಪಂಗಡವಾಗಿದ್ದಾರೆ. ಒಬ್ಬರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣವೇ ಬೆಳಕು, ಆಮೇಲಿನದೆಲ್ಲ ಕತ್ತಲೆ. ಇನ್ನೊಬ್ಬರಿಗೆ ಬಹಮನಿ ಅರಸರ ಕಾಲವೇ ಶಿಖರ, ಆಮೇಲಿನದೆಲ್ಲ ಇಳಿಜಾರು. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗುವುದಿಲ್ಲ. ರಾಜ್ಯ ಏಳುವಾಗ ವಿದ್ಯೆಯೂ ಏಳುತ್ತದೆ, ರಾಜ್ಯ ಬಿದ್ದಾಗ ವಿದ್ಯೆಯೂ ಬೀಳುತ್ತದೆ ಎಂಬ ನಂಬಿಕೆ ಇಬ್ಬರಲ್ಲೂ ಇದೆ. ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಬೇಕು. ಒಂದು ನೆಲದಲ್ಲಿ ಹುಟ್ಟಿದ ಅಥವಾ ಬಂದು ಸೇರಿದ ವಿದ್ಯೆ ಯಾವಾಗ ಬಾಳುತ್ತದೆ, ಯಾವಾಗ ಅಳಿಯುತ್ತದೆ?

ಬೀದರ ನಗರದ ನಡುವೆ ನಿಂತಿರುವ ಮಹಮೂದ್ ಗವಾನ್ ಮದರಸಾದಿಂದಲೇ ಆರಂಭಿಸೋಣ. ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. ವ್ಯಾಪಾರಕ್ಕೆಂದು ದಖ್ಖನಿಗೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. ಅವನು 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯದಲ್ಲಿ ಉಪನ್ಯಾಸದ ಕೋಣೆಗಳಿದ್ದವು, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಸತಿ ಇತ್ತು, ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಬರೆದಿದ್ದಾರೆ. ಪರ್ಷಿಯನ್ ಕವಿ ಜಾಮಿಯಂಥವರೊಂದಿಗೆ ಗವಾನನಿಗೆ ಪತ್ರವ್ಯವಹಾರವಿತ್ತು. ಅಂದಿನ ಜಗತ್ತಿನ ದೊಡ್ಡ ವಿದ್ಯಾಕೇಂದ್ರಗಳ ಸಾಲಿಗೆ ನಮ್ಮ ಬೀದರ ಸೇರಿತ್ತು. ಆದರೆ 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನ ಮೂರನೆಯ ಮಹಮ್ಮದ್ ಶಹಾ ತನ್ನ ಪ್ರಧಾನಿಯನ್ನೇ ಕೊಲ್ಲಿಸಿದ. 1696ರಲ್ಲಿ, ಮೊಗಲರ ಆಳ್ವಿಕೆಯಲ್ಲಿ, ಒಂದು ಸ್ಫೋಟದಿಂದ ಕಟ್ಟಡದ ಮುಂಭಾಗದ ದೊಡ್ಡ ಪಾಲು ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿಯಿತು. ಅದರ ಮೈಮೇಲಿನ ನೀಲಿ, ಹಸಿರು, ಹಳದಿ ಹೆಂಚಿನ ಕೆಲಸ ಅಲ್ಲಲ್ಲಿ ಇನ್ನೂ ಹೊಳೆಯುತ್ತದೆ. ಹಸ್ತಪ್ರತಿ ಮಾತ್ರ ಅಲ್ಲಿ ಇಂದು ಒಂದೂ ಇಲ್ಲ.

ಇದರ ಪಕ್ಕದಲ್ಲಿ ಶರಣರ ವಚನಗಳನ್ನು ಇಟ್ಟು ನೋಡಿ. 1160ರ ದಶಕದ ಕೊನೆಯಲ್ಲಿ ಅರಸ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಚೆಲ್ಲಾಪಿಲ್ಲಿಯಾಯಿತು. ಶರಣರಿಗೆ ಮೂರಂತಸ್ತಿನ ಕಟ್ಟಡವಾಗಲಿ ಕಾಪಾಡುವ ಸುಲ್ತಾನನಾಗಲಿ ಇರಲಿಲ್ಲ. ಓಲೆಗರಿಗಳು ದಿಕ್ಕಿಗೊಂದರಂತೆ ಹೋದವು. ಆ ಚದುರುವಿಕೆಯೇ ಅವನ್ನು ಕಾಯಿತು. ಮಠದ ಪೆಟ್ಟಿಗೆಯಲ್ಲಿ, ಒಕ್ಕಲುಮನೆಯ ಜಗಲಿಯ ಮೇಲೆ, ಪೂಜೆಯ ಗಂಟಿನೊಳಗೆ ಪ್ರತಿಯ ಮೇಲೆ ಪ್ರತಿ ಉಳಿಯಿತು. ಶತಮಾನಗಳ ನಂತರ ವಿಜಾಪುರದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕಲೆಹಾಕಿದಾಗ ಅವು ಸಿಕ್ಕವು; 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಮಡಿವಾಳ, ಅಂಬಿಗ, ಸಮಗಾರರೇ ವಚನ ಹೇಳಿದ್ದರು, ಅಂಥವರ ಮನೆಗಳಲ್ಲೇ ವಚನ ಬಾಳಿತು. ಸಂಸ್ಕೃತದ ಗ್ರಂಥಕ್ಕೂ ಇದೇ ನ್ಯಾಯ ಹೊಂದುತ್ತದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವನ್ನು ದೇಶದ ಉದ್ದಗಲದ ಪಂಡಿತರು ನಕಲು ಮಾಡಿಕೊಂಡರು. ಚಾಲುಕ್ಯರು ಹೋಗಿ ಏಳು ಶತಮಾನ ಕಳೆದ ಮೇಲೂ ಬ್ರಿಟಿಷರ ಕೋರ್ಟುಗಳು ಆಸ್ತಿಯ ಪಾಲನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದವು.

ಹಾಗೆಂದು ಅರಸರ ಆಶ್ರಯ ಬೇಡವೇ ಬೇಡ ಎನ್ನಲಾಗದು. ಬೀದರ ಬಳಿಯ ನೌಬಾದಿನ ಕರೇಜ್ ಎಂಬ ನೀರಿನ ಸುರಂಗವನ್ನು ಯಾವ ಹಳ್ಳಿಯವರೂ ತಾವೇ ತೋಡಿಕೊಳ್ಳಲು ಸಾಧ್ಯವಿರಲಿಲ್ಲ. ಬೀದರ ನಿಂತಿರುವುದು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಮಳೆನೀರು ಆ ತೂತುಕಲ್ಲಿನೊಳಗೆ ಇಳಿದು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಇದನ್ನು ಅರಿತ ಹದಿನೈದನೆಯ ಶತಮಾನದ ಇರಾನಿ ಕುಶಲಕರ್ಮಿಗಳು ನೀರಿನ ಪದರಕ್ಕೆ ಒಂದು ತಾಯಿಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ಸುಮಾರು 3 ಕಿಲೋಮೀಟರ್ ಸುರಂಗ ಕೊರೆದರು. ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಇಪ್ಪತ್ತಕ್ಕೂ ಹೆಚ್ಚು ಬಾವಿಗಳು. ಎತ್ತು ಬೇಡ, ಕಪಿಲೆ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಜನ ಇದಕ್ಕೆ ಸುರಂಗಬಾವಿ ಎಂದೇ ಹೆಸರಿಟ್ಟರು. ಆದರೆ ಹೂಳು ತೆಗೆಯುವ ಕೆಲಸ ಊರಿನ ವಾರ್ಷಿಕ ಕಟ್ಟಳೆಯಾಗಿ ನಿಲ್ಲಲಿಲ್ಲ. ಬಾವಿಗಳ ಬಾಯಿ ಮುಚ್ಚಿ, ಕೆಲವದರ ಮೇಲೆ ಮನೆ, ರಸ್ತೆ ಬಂದವು. ಕೇರಳದ ಭೂಗೋಳ ಪ್ರಾಧ್ಯಾಪಕರೊಬ್ಬರು ಬಂದು ನಕ್ಷೆ ಬರೆದು, ಜಿಲ್ಲಾಡಳಿತ 2015ರ ಆಸುಪಾಸಿನಲ್ಲಿ ಹೂಳೆತ್ತಿಸಿದಾಗ ನಮಗೆ ನಮ್ಮ ಕಾಲ ಕೆಳಗಿನ ನೀರು ಮತ್ತೆ ಕಂಡಿತು. ಆಶ್ರಯದಿಂದ ವಿದ್ಯೆ ಹುಟ್ಟಬಹುದು. ಅದನ್ನು ನಡೆಸಿಕೊಂಡು ಹೋಗುವ ಜನಕ್ಕೆ ಅದು ದಾಟಿತೋ ಇಲ್ಲವೋ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ.

ದಾಟಿದ ವಿದ್ಯೆ ನೋಡಬೇಕಿದ್ದರೆ ಹಳೇ ಶಹರದ ಬಿದ್ರಿ ಅಂಗಡಿಗಳಿಗೆ ಹೋಗಬೇಕು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಎರಕ ಬಂದ ಹೂಜಿಯನ್ನೋ ತಟ್ಟೆಯನ್ನೋ ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆಗ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ಈ ಹಂತದಲ್ಲಿ ಬೆಳ್ಳಿಯೂ ಸತುವೂ ಒಂದೇ ಬೂದುಬಣ್ಣ, ಚಿತ್ತಾರ ಕಣ್ಣಿಗೆ ಕಾಣುವುದೇ ಇಲ್ಲ. ಕೊನೆಗೆ ಪಾತ್ರೆಯನ್ನು ಬೆಚ್ಚಗೆ ಮಾಡಿ, ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚುತ್ತಾರೆ. ಸತು ಗಾಢ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಒಳ್ಳೆಯದೋ ಅಲ್ಲವೋ ಎಂದು ಹಿರಿಯ ಕೆಲಸಗಾರರು ನಾಲಿಗೆಯ ಮೇಲಿಟ್ಟು ಹೇಳುತ್ತಾರೆ.

ಇದು ಅಚ್ಚ ರಸಾಯನಶಾಸ್ತ್ರ. ಸತು 907 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆವಿಯಾಗಿಬಿಡುವ ಲೋಹ. ಅದಿರಿನಿಂದ ತೆಗೆಯುವಾಗ ಕುಲುಮೆಯಿಂದ ಹೊಗೆಯಾಗಿ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿದು ತಣಿಸುವ ಉಪಾಯ ರಾಜಸ್ಥಾನದ ಜಾವರಿನ ಗಣಿಗಾರರಿಗೆ ಮಧ್ಯಯುಗದಲ್ಲೇ ಗೊತ್ತಿತ್ತು. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಅಂಥದ್ದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಬಹಮನಿಗಳು, ಬರೀದಶಾಹಿಗಳು, ಮೊಗಲರು, ನಿಜಾಮರು ಎಲ್ಲರೂ ಬಂದು ಹೋದರು, ಬಿದ್ರಿಯ ಕೆಲಸ ಮಾತ್ರ ನಿಲ್ಲಲಿಲ್ಲ. ತಂದೆಯ ಪಕ್ಕ ಕೂತು ಮಗ ಉಳಿ ಹಿಡಿದ, ಅಷ್ಟೇ ಅದರ ಕಾರಣ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು, 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಆದರೂ ಇಲ್ಲಿ ಒಂದು ಕೊರತೆ ಕಾಣುತ್ತದೆ, ಅದನ್ನು ಮುಚ್ಚಿಡಬಾರದು. ಬಿದ್ರಿಯ ವಿದ್ಯೆ ಉಳಿಯಿತು, ಬೆಳೆಯಲಿಲ್ಲ. ಆ ಕಪ್ಪು ಏಕೆ ಹಿಡಿಯುತ್ತದೆ, ಅದರಲ್ಲಿ ಒಂದು ಪಾಲು ತಾಮ್ರದ ಕೆಲಸ ಏನು ಎಂದು 1980ರ ದಶಕದಲ್ಲಿ ಪರೀಕ್ಷಿಸಿ ಬರೆದವರು ಲಂಡನ್ನಿನ ವಸ್ತುಸಂಗ್ರಹಾಲಯಗಳ ವಿಜ್ಞಾನಿಗಳು. ಕೈಬಲ್ಲವನಿಗೆ ಪುಸ್ತಕ ಸಿಗಲಿಲ್ಲ, ಪುಸ್ತಕಬಲ್ಲವನು ಕೈಯ ಕೆಲಸದ ಕಡೆ ತಿರುಗಿ ನೋಡಲಿಲ್ಲ. ಗವಾನನ ಮದರಸಾದಿಂದ ಬಿದ್ರಿಯವರ ಕೇರಿಗೆ ಕಾಲ್ನಡಿಗೆಯ ದೂರ. ಆ ದೂರವನ್ನು ಶತಮಾನಗಳಲ್ಲಿ ನಾವು ದಾಟಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಹೀಗೆ ದೂರ ಉಳಿಯಲು ಜಾತಿಯೂ ಕಾರಣ, ಭಾಷೆಯೂ ಕಾರಣ. ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ನಿಜಾಮನ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕೆಂದೇ ಭಾಷಾಂತರ ಸಂಸ್ಥೆ ಕಟ್ಟಿ ನೂರಾರು ಪುಸ್ತಕ ತಂದರು. ನಮ್ಮ ದೇಶದ ನುಡಿಯಲ್ಲಿ ವಿಜ್ಞಾನ ಸಾಧ್ಯ ಎಂದು ತೋರಿಸಿದ ಆ ಸಾಹಸಕ್ಕೆ ಗೌರವ ಸಲ್ಲಲೇಬೇಕು. ಆದರೆ ಅದೇ ರಾಜ್ಯದ ಔರಾದ, ಭಾಲ್ಕಿಯ ಒಕ್ಕಲು ಮಗುವಿಗೆ ಉರ್ದು ಮನೆಮಾತಲ್ಲ, ತನ್ನ ಮಾತಿನ ಶಾಲೆ ಹತ್ತಿರದಲ್ಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಆಗ ಮಾಡಿದ್ದನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲರು: ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಕಮಲನಗರದಲ್ಲಿ ಶಾಲೆ ತೆರೆದರು, ಮಠದಲ್ಲಿ ಜಾತಿ ಕೇಳದೆ ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ಅದರೊಂದಿಗೆ ಉಸ್ಮಾನಿಯಾದ ಉರ್ದು ಬೋಧನೆಯೂ ಮುಗಿಯುತ್ತ ಬಂತು. ಫರ್ಮಾನಿನಿಂದ ಬಂದದ್ದು ಫರ್ಮಾನಿನ ಜೊತೆಗೇ ಹೋಯಿತು. 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿಗೆ ಸೇರಿದಾಗ ಇಲ್ಲಿ ಕನ್ನಡ ಓದಿ ಬರೆಯುವವರು ಇದ್ದರೆಂದರೆ ಅದರಲ್ಲಿ ಆ ಮಠದ ಪಾಲು ದೊಡ್ಡದು. ಪಟ್ಟದ್ದೇವರು ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅವರು ಕಲಿಸಿದವರ ಮಕ್ಕಳು, ಮೊಮ್ಮಕ್ಕಳು ಇಂದು ಇದೇ ಜಿಲ್ಲೆಯಲ್ಲಿ ಮೇಷ್ಟರು.

ಆ ಕಥೆಯನ್ನು ಕನ್ನಡ ಗೆದ್ದು ಉರ್ದು ಸೋತಿತು ಎಂದು ಓದಿದರೆ ತಪ್ಪಾಗುತ್ತದೆ. ಬಿದ್ರಿಯ ಕುಲುಮೆಯ ಮುಂದೆ ಇಂದಿಗೂ ಆಡುವ ಮಾತು ಹೆಚ್ಚಾಗಿ ಉರ್ದು. ಔರಾದಿನ ಎಷ್ಟೋ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಮಾತಾಡಿಸುವುದು ಮರಾಠಿಯಲ್ಲಿ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಹಾ ವಲಿಯ ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದ ಜಂಗಮರು ಬರುತ್ತಾರೆ; ಆ ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪವೆಂದು ನಂಬಿದ ಭಕ್ತರಿದ್ದಾರೆ. ಇಲ್ಲಿನ ಜನ ತಮಗೆ ಬೇಕಾದ್ದನ್ನು ಯಾವ ಭಾಷೆಯಿಂದ, ಯಾವ ಧರ್ಮದಿಂದ ಬಂದರೂ ತಮ್ಮದು ಮಾಡಿಕೊಂಡು ಬಂದವರು.

ಈಗ ಬೀದರಿಗೆ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಸಂವಿಧಾನದ 371ಜೆ ವಿಧಿಯಿಂದ ಸೀಟುಗಳಲ್ಲೂ ನೌಕರಿಯಲ್ಲೂ ಮೀಸಲಾತಿ ಬಂದಿದೆ. ಇದೆಲ್ಲ ಬೇಕಾದದ್ದೇ. ಆದರೆ ನಮ್ಮ ಹೈಸ್ಕೂಲುಗಳಲ್ಲಿ ಲೋಹಗಳ ಪಾಠಕ್ಕೆ ಬಂದಾಗ ಸತು, ತಾಮ್ರ, ಮೈಲುತುತ್ತ ಎಲ್ಲವನ್ನೂ ಪುಸ್ತಕದ ಚಿತ್ರದಿಂದಲೇ ಕಲಿಸಿ ಮುಗಿಸುತ್ತೇವೆ. ಅಂತರ್ಜಲದ ಪಾಠಕ್ಕೂ ಅದೇ ಗತಿ. ಭಾಲ್ಕಿ, ಔರಾದಿನ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟು: ಈ ವರ್ಷದ ಶೈಕ್ಷಣಿಕ ಪ್ರವಾಸದ ಬಸ್ಸನ್ನು ದೂರದ ಊರಿಗೆ ಹೊರಡಿಸುವ ಮೊದಲು ಒಂದು ದಿನ ನೌಬಾದಿನ ಸುರಂಗಬಾವಿಗೂ ಬಿದ್ರಿಯ ಕುಲುಮೆಗೂ ತನ್ನಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನು, ಕುಶಲಕರ್ಮಿಗಳು ಕೊಟ್ಟ ಉತ್ತರಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಮರಾಠಿಯಲ್ಲೂ ಬರೆಸಿ, ಒಂದೊಂದು ಪ್ರತಿಯನ್ನು ಒಂದೊಂದು ಶಾಲೆಯಲ್ಲಿ ಇಡಿ.