ಆರು ಗಂಟೆಯ ಹಕ್ಕಿ

ಕಳೆದ ನವೆಂಬರಿನಲ್ಲಿ ವಿಭಾಗದ ವಿದ್ಯಾರ್ಥಿಗಳೊಡನೆ ಸೇಲಂ ಜಿಲ್ಲೆಯ ಏರ್ಕಾಡಿಗೆ ಹೋಗಿದ್ದೆ. ಬೆಳಗಿನ ನಡಿಗೆಯಲ್ಲಿ, ಕಾಫಿ ತೋಟದ ಬೇಲಿಯಂಚಿನಲ್ಲಿ, ತರಗೆಲೆಗಳನ್ನು ಕೊಕ್ಕಿನಿಂದ ಮಗುಚುತ್ತ ಹುಳು ಹುಡುಕುತ್ತಿದ್ದ ಮೋಟುಬಾಲದ ಹಕ್ಕಿಯೊಂದು ಕಂಡಿತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದಡಿ ಕೆಂಪು. ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ನೋಡಿ 'ಇಂಡಿಯನ್ ಪಿಟ್ಟ' ಎಂದಳು. ತೋಟದ ಕೆಲಸಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು 'ಆರುಮಣಿ ಕುರುವಿ' ಎಂದರು. ನನ್ನ ನಾಲಿಗೆಗೆ ಬಂದದ್ದು ಶಾಲೆಯಲ್ಲಿ ಮರಾಠಿ ಗುರುಗಳು ಕಲಿಸಿದ್ದ 'ನವರಂಗ'. ಕನ್ನಡದಲ್ಲಿಯೂ ಅದು ನವರಂಗವೇ.

ಹಿಮಾಲಯದ ತಪ್ಪಲು ಹಾಗೂ ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವ ಈ ಅತಿಥಿಯನ್ನು ಒಂದೊಂದು ನುಡಿಯೂ ತನ್ನ ರೀತಿಯಲ್ಲಿ ಗಮನಿಸಿದೆ. ಮರಾಠಿ, ಕನ್ನಡಗಳು ಬಣ್ಣವನ್ನು ನೋಡಿದವು. ಬೆಳಗು ಬೈಗುಗಳಲ್ಲಿ ಆರರ ಹೊತ್ತಿಗೆ ಅದು ಕೂಗುವುದನ್ನು ತಮಿಳು ಕೇಳಿಸಿಕೊಂಡಿತು. ಇಂಗ್ಲಿಷಿನ 'ಪಿಟ್ಟ' ಹಕ್ಕಿಯನ್ನು ಸೂಚಿಸುವ ತೆಲುಗು ಪದವೇ.

ವೈಜ್ಞಾನಿಕ ನಾಮವೊಂದಿದ್ದರೆ ಸಾಲದೇ ಎನ್ನುವವರುಂಟು. 'ಪಿಟ್ಟ ಬ್ರಾಕಿಯೂರ' ಎಂದರೆ ಜಗತ್ತಿನ ಎಲ್ಲ ಅಧ್ಯಯನಕಾರರಿಗೂ ಒಂದೇ ಹಕ್ಕಿ. ಆ ಹೆಸರು ಬೇಕೇ ಬೇಕು. ಆದರೆ ಯಾವ ಹೊತ್ತಿನಲ್ಲಿ ಕಿವಿಗೊಡಬೇಕೆಂಬುದನ್ನು ನಮಗೆ ತಿಳಿಸಿದ್ದು ಆ ಹಿರಿಯರ ಮಾತು. ಸಂಜೆ ಅದೇ ಬೇಲಿಯ ಬಳಿ ಕಾದೆವು. ಆರಕ್ಕೆ ತುಸು ಮುನ್ನ ಎರಡು ಸ್ವರದ ಸಿಳ್ಳು ಕೇಳಿಬಂತು.

ಮರಾಠಿಯಲ್ಲಿ ಮಾರುತಿ ಚಿತಂಪಲ್ಲಿಯವರು 'ಪಕ್ಷಿಕೋಶ'ವನ್ನು ಕಟ್ಟಿಕೊಟ್ಟರು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು 'ಕನ್ನಡ ನಾಡಿನ ಹಕ್ಕಿಗಳು' ಬರೆದರು. ಆದರೂ ಊರೂರಿನ ಎಷ್ಟೋ ಹೆಸರುಗಳು ಇನ್ನೂ ಹಿರಿಯರ ನಾಲಿಗೆಯ ಮೇಲಷ್ಟೇ ಇವೆ. ಗಡಿಯ ನಮ್ಮೂರಿನಲ್ಲಿ, ಮಳೆಗೆ ಮುನ್ನ ಕೂಗುತ್ತಿದ್ದ ಹಕ್ಕಿಯೊಂದನ್ನು ನನ್ನ ತಾಯಿ ಅರ್ಧ ಕನ್ನಡ, ಅರ್ಧ ಮರಾಠಿಯ ಹೆಸರಿನಿಂದ ಕರೆಯುತ್ತಿದ್ದರು. ಭಾಷೆಯನ್ನೇ ಬೋಧಿಸುತ್ತ ಬಂದ ನಾನು ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಈಗ ಹೆಸರು ಮರೆತಿದೆ. ಕೇಳೋಣವೆಂದರೆ ತಾಯಿ ಇಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ ಹತ್ತು ಹಕ್ಕಿಗಳ ಹೆಸರು ಬರೆದು ತನ್ನಿ. ಊರು, ತಾಲ್ಲೂಕು, ಹಕ್ಕಿಯ ಚಹರೆ, ಆ ಹೆಸರು ಬಂದ ಬಗೆಗೆ ಅವರು ಹೇಳಿದ ಮಾತು, ಇವಿಷ್ಟೂ ಇರಲಿ. ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ. ಅವರು ಉಚ್ಚರಿಸಿದಂತೆಯೇ ಬರೆಯಿರಿ. ಅದಕ್ಕಾಗಿ ಒಂದು ದಪ್ಪ ನೋಟುಪುಸ್ತಕವನ್ನು ವಿಭಾಗದ ಮೇಜಿನ ಮೇಲೆ ಇರಿಸಿದ್ದೇನೆ. ಮೊದಲ ಪುಟದಲ್ಲಿ ನವರಂಗವಿದೆ. ಅದರ ಪಕ್ಕದಲ್ಲಿ ಆರುಮಣಿ ಕುರುವಿ. ಎರಡನೆಯ ಪುಟ ನಿಮ್ಮದು.