ದೊಡ್ಡವ್ವನ ಮನೆಯಲ್ಲೊಂದು ಡ್ರ್ಯಾಗನ್

ಕಳೆದ ತಿಂಗಳು ಆಫೀಸಿನಲ್ಲಿ ಊಟ ಮುಗಿಸಿ ಫೋನಿನಲ್ಲಿ ಕಾದಂಬರಿ ಓದುತ್ತಾ ಕೂತಿದ್ದೆ. ಟೀಮಿನ ಹುಡುಗನೊಬ್ಬ ಹಿಂದಿನಿಂದ ಇಣುಕಿ ನೋಡಿ, "ಏನ್ರೀ ಇದು, ಡಾರ್ಸಿಗೆ ಕುದುರೆ ಸಾಕಾಗ್ಲಿಲ್ವಾ? ಡ್ರ್ಯಾಗನ್ ಬೇಕಾಯ್ತಾ?" ಅಂತ ನಕ್ಕುಬಿಟ್ಟ. ನನಗೂ ನಗು ಬಂತು. ಆದರೆ ಪುಸ್ತಕ ಮುಚ್ಚಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಇದೆಯಲ್ಲ, ಐದು ಹೆಣ್ಣುಮಕ್ಕಳ ಮನೆಯ ಮದುವೆ ಚಿಂತೆಯ ಕತೆ? ಅದನ್ನೇ ತಗೊಂಡು ಎಲ್ ಕ್ಯಾಥರಿನ್ ವೈಟ್ ಎಂಬ ಲೇಖಕಿ 2017ರಲ್ಲಿ 'ಹಾರ್ಟ್‌ಸ್ಟೋನ್' ಬರೆದರು. ಎಲಿಜಬೆತ್ ಇಲ್ಲಿ ಅಲೈಜಾ. ಡಾರ್ಸಿ ಇಲ್ಲಿ ಡ್ರ್ಯಾಗನ್ ಏರಿ ಯುದ್ಧ ಮಾಡುವ ಸವಾರ. ಅಹಂಕಾರ ಮಾತ್ರ ಹಾಗೇ ಇದೆ, ಒಂದು ಗುಂಜಿಯೂ ಕಮ್ಮಿಯಾಗಿಲ್ಲ! ಈ ಜಾತಿಯ ಪುಸ್ತಕಗಳು ಈಗ ಬೇಕಾದಷ್ಟಿವೆ. 2009ರಲ್ಲಿ ಅದೇ ಕಾದಂಬರಿಗೆ ಜಾಂಬಿಗಳನ್ನು ಸೇರಿಸಿದ್ದೂ ಆಯ್ತು, ಅದು ಸಿನಿಮಾ ಆಗಿದ್ದೂ ಆಯ್ತು.

ಒಳ್ಳೆಯ ಹಳೇ ಕತೆಗೆ ಇದೆಲ್ಲ ಯಾಕೆ ಅಂತ ನೀವೂ ಕೇಳಬಹುದು. ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಆ ಶುಕ್ರವಾರ ರಾತ್ರಿ ಗಂಗಾವತಿ ಬಸ್ ಹತ್ತಿದೆ. ಆನೆಗೊಂದಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ.

ಆನೆಗೊಂದಿ ಅಂದರೆ ಕಿಷ್ಕಿಂಧೆ. ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಡೆ 575 ಮೆಟ್ಟಿಲಿನ ಅಂಜನಾದ್ರಿ, ಈ ಕಡೆ ಪಂಪಾ ಸರೋವರ, ಬಂಡೆಗಳ ನಡುವೆ ವಾಲಿಯ ಕೋಟೆ ಅಂತ ತೋರಿಸುವ ಜಾಗ. ಚಿಕ್ಕವಳಿದ್ದಾಗ ದೊಡ್ಡವ್ವ ನನಗೆ ಊಟ ಮಾಡಿಸಿದ್ದೇ ವಾಲಿ ಸುಗ್ರೀವರ ಜಗಳ ಹೇಳಿ. ಹೀಗಿರುವಾಗ ಮಾತಾಡುವ ಮಂಗಗಳ ಊರಿನಿಂದ ಬಂದ ನಾನು ಡ್ರ್ಯಾಗನ್ ನೋಡಿ ಮೂಗು ಮುರಿಯುವುದು ಹೇಗೆ?

ಹೊಳೆ ದಾಟಿ ವಿಠ್ಠಲ ದೇವಸ್ಥಾನಕ್ಕೆ ಹೋದರೆ ಕಂಬಕಂಬದಲ್ಲೂ ಮುಂಗಾಲೆತ್ತಿ ನಿಂತ ಯಾಳಿಗಳಿವೆ. ಸಿಂಹದ ಮೈ, ಹೊರಚಾಚಿದ ಕಣ್ಣು, ಬೆನ್ನ ಮೇಲೆ ಸವಾರ. 'ಹಾರ್ಟ್‌ಸ್ಟೋನ್' ಮುಖಪುಟಕ್ಕೆ ಅದನ್ನೇ ಹಾಕಿದರೂ ನಡೆಯುತ್ತಿತ್ತು ಅನಿಸಿತು.

ಇನ್ನೂ ಮಜಾ ಇರುವುದು ನಮ್ಮ ಕವಿಗಳ ಲೆಕ್ಕದಲ್ಲಿ. ಇಂಗ್ಲಿಷಿನವರು ಮನುಷ್ಯರ ಕತೆಗೆ ಪ್ರಾಣಿ ಸೇರಿಸಿದರೆ, ನಮ್ಮವರು ಎಂಟುನೂರು ಒಂಬೈನೂರು ವರ್ಷಗಳ ಹಿಂದೆಯೇ ಪ್ರಾಣಿಗಳನ್ನು ತೆಗೆದುಹಾಕಿದ್ದರು! ಅಭಿನವ ಪಂಪ ಅನಿಸಿಕೊಂಡ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ವನ್ನೇ ನೋಡಿ. ಅವನು ಹಿಡಿದ ಜೈನ ರಾಮಾಯಣದ ದಾರಿಯಲ್ಲಿ ವಾನರರು ಮಂಗಗಳಲ್ಲ, ಬಾವುಟದ ಮೇಲೆ ಮಂಗನ ಗುರುತಿದ್ದ ವಿದ್ಯಾಧರ ಕುಲದವರು. ವಾಲಿಯನ್ನು ಮರೆಯಲ್ಲಿ ನಿಂತು ಕೊಲ್ಲುವ ಪ್ರಸಂಗವೂ ಈ ಪರಂಪರೆಯಲ್ಲಿಲ್ಲ. ವಾಲಿ ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ದೀಕ್ಷೆ ತಗೊಳ್ಳುತ್ತಾನೆ. ತಾರೆ ಸುಗ್ರೀವನ ಹೆಂಡತಿಯೇ. ಅವಳ ಮೇಲೆ ಕಣ್ಣಿಟ್ಟವನೊಬ್ಬ ಸುಗ್ರೀವನ ವೇಷ ಹಾಕಿಕೊಂಡು ಬರುತ್ತಾನೆ, ರಾಮ ಕೊಲ್ಲುವುದು ಆ ಕಳ್ಳನನ್ನು.

ಇತ್ತ ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟೇ. ಕತೆಯನ್ನು ಮತ್ತೆ ಹೇಳುವವರು ಸುಮ್ಮನೆ ಕೈ ಹಾಕುವುದಿಲ್ಲ. ಹಳೇ ಕತೆ ಎಲ್ಲಿ ಚುಚ್ಚುತ್ತಿತ್ತೋ ಅಲ್ಲಿಗೇ ಅವರ ಕೈ ಹೋಗಿರುತ್ತದೆ.

ಶನಿವಾರ ಮಧ್ಯಾಹ್ನ ದೊಡ್ಡವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಫೋನ್ ಹಿಡಿದು ಇನ್ನೊಂದು ಪುಸ್ತಕ ಶುರು ಮಾಡಿದ್ದೆ.

"ಏನ್ ಓದಾಕತ್ತೀಯವಾ ಅಷ್ಟು?"

"ಡ್ರ್ಯಾಗನ್ ಕತಿ ದೊಡ್ಡವ್ವ. ರೆಕ್ಕಿ ಇರೋ ದೊಡ್ಡ ಹಾವು ಅಂತ ತಿಳ್ಕೊ."

"ಆ ಹಾವು ಏನ್ ಮಾಡ್ತಾವು?"

ಅದು ಜೋ ವಾಲ್ಟನ್ ಅವರ 'ಟೂತ್ ಅಂಡ್ ಕ್ಲಾ'. 2003ರ ಪುಸ್ತಕ, ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆಯಿತು. ಆಂಟನಿ ಟ್ರಾಲಪ್‌ನ ಹಳೇ ಕಾದಂಬರಿ 'ಫ್ರ್ಯಾಮ್ಲಿ ಪಾರ್ಸನೇಜ್' ಇದಕ್ಕೆ ಮೂಲ. ಇಲ್ಲಿ ಮನುಷ್ಯರ ಜಾಗದಲ್ಲಿ ಇರುವವರೆಲ್ಲ ಡ್ರ್ಯಾಗನ್‌ಗಳು. ಟೋಪಿ ಹಾಕುತ್ತವೆ, ಮದುವೆ ಮಾತಾಡುತ್ತವೆ, ಕೋರ್ಟಿಗೆ ಹೋಗುತ್ತವೆ. ಒಂದೇ ವ್ಯತ್ಯಾಸ, ಅಪ್ಪ ಸತ್ತರೆ ಮಕ್ಕಳು ಅವನ ದೇಹವನ್ನೇ ಪಾಲು ಮಾಡಿಕೊಂಡು ತಿನ್ನುತ್ತವೆ. ತಿಂದವರು ಬೆಳೆಯುತ್ತಾರೆ, ಬಲಿಯುತ್ತಾರೆ. ಕತೆ ಶುರುವಾಗುವುದೇ ಹೀಗೆ. ಮುದುಕ ಅಪ್ಪ ಸಾಯುತ್ತಾನೆ. ಬಹುಪಾಲು ಮದುವೆಯಾಗದ ಹೆಣ್ಣುಮಕ್ಕಳಿಗೆ, ಇನ್ನೂ ನೆಲೆ ನಿಲ್ಲದ ಮಗನಿಗೆ ಸಿಗಲಿ ಅನ್ನುವುದು ಅವನ ಆಸೆ. ಮೊದಲೇ ಶ್ರೀಮಂತನಾದ ಅಳಿಯ ಮುನ್ನುಗ್ಗಿ ಬಾಯಿ ಹಾಕಿಬಿಡುತ್ತಾನೆ. ಅಕ್ಕತಂಗಿಯರಿಬ್ಬರು ಒಬ್ಬೊಬ್ಬರು ಒಂದೊಂದು ಮನೆಯ ಹಂಗಿಗೆ ಬೀಳುತ್ತಾರೆ.

ಇದನ್ನು ಹೇಳುತ್ತಾ ಹೋದಂತೆ ದೊಡ್ಡವ್ವನ ಕೈ ಮೊರದ ಮೇಲೆ ನಿಂತುಬಿಟ್ಟಿತು.

"ಇದೇನ್ ಹಾವಿನ ಕತಿನವಾ," ಅಂದಳು. "ನಮ್ಮನಿ ಸುದ್ದಿ ಆತಲ್ಲ."

ದೊಡ್ಡಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ನಾಲ್ಕು. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಅವಳು ಅವತ್ತೇ ಹೇಳಿದ್ದು. ದಿನ ಕಳೆದ ಮೇಲೆ ಹಿರಿಯರು ಕೂತು, ಹೊಲ ಮನೆಯಲ್ಲೇ ಉಳಿಯಲಿ ಅಂತ ಅವಳನ್ನು ಮೈದುನನ ಕೂಡ ಲಗ್ನ ಮಾಡುವ ಮಾತು ತೆಗೆದರಂತೆ. ಮೈದುನನಿಗೆ ಆಗಲೇ ಹೆಂಡತಿ ಇದ್ದಳು. ಇವಳು ಒಳಗೆ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಂಡಳು. ಒಲ್ಲೆ ಅಂದಳು. ಹಂಗಾದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತು, ತವರಿಗೆ ಹೋಗು ಅಂದರು. ಅದಕ್ಕೂ ಒಲ್ಲೆ ಅಂದಳು.

"ಬಾಯಿ ಮಾಡಲಿಲ್ಲವಾ ನಾನು. ಹೊಸ್ತಿಲದಾಗ ಕುಂತ್ಬಿಟ್ಟೆ. ಎರಡು ಎಕರೆ ನನ್ ಗಂಡಂದು. ನಾ ಯಾಕ್ ಬಿಡ್ಲಿ?"

ಗಂಡನ ಆಸ್ತಿಯಲ್ಲಿ ಹೆಂಡತಿಗೂ ಪಾಲು ಉಂಟು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ದೊಡ್ಡವ್ವನಿಗೆ ಆಗ ಆ ಕಾಯ್ದೆಯ ಹೆಸರೂ ಗೊತ್ತಿರಲಿಲ್ಲ. ಆ ಎರಡು ಎಕರೆಯಲ್ಲೇ ಭತ್ತ ಬೆಳೆದು ಇಬ್ಬರು ಮಕ್ಕಳನ್ನು ಓದಿಸಿದಳು. ಬೇಸಿಗೆ ರಜೆಗೆ ಬಂದ ನನಗೆ ತುಪ್ಪ ಹಾಕಿ ಅನ್ನ ಉಣಿಸಿದ್ದೂ ಅದೇ ಹೊಲದ ಅಕ್ಕಿಯಿಂದ. ನನಗೆ ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಬೇಕು ಅನಿಸಿರಲಿಲ್ಲ. ಒಂದು ಡ್ರ್ಯಾಗನ್ ಬರಬೇಕಾಯಿತು.

ಆಮೇಲೆ ನನಗೆ ತಾರೆ ನೆನಪಾದಳು. ವಾಲ್ಮೀಕಿಯ ಕಿಷ್ಕಿಂಧೆಯಲ್ಲಿ ಎಲ್ಲರಿಗಿಂತ ಜಾಣೆ ಅವಳೇ. ಸುಗ್ರೀವ ಎರಡನೇ ಸಲ ಕೂಗಿ ಕರೆದಾಗ, ಅವನ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಅಂತ ಗಂಡನನ್ನು ತಡೆದವಳು. ವಾಲಿ ಸತ್ತಮೇಲೆ ಅದೇ ಬಾಣದಿಂದ ನನ್ನನ್ನೂ ಕೊಲ್ಲು ಅಂತ ರಾಮನ ಮುಂದೆ ಅತ್ತವಳು. ಮುಂದೆ ಅವಳು ಕಾಣಿಸುವುದು ಸುಗ್ರೀವನ ಅರಮನೆಯಲ್ಲಿ. ಈ ಎರಡರ ನಡುವೆ ಹಿರಿಯರು ಕೂತು ಏನು ಮಾತಾಡಿದರು, ಅವಳು ಒಳಗಿನಿಂದ ಏನು ಕೇಳಿಸಿಕೊಂಡಳು? ಊಟದ ಹೊತ್ತಿನ ಕತೆಯಲ್ಲಿ ದೊಡ್ಡವ್ವ ವಾಲಿ ಬಿದ್ದ ಕಡೆಗೇ ನಿಲ್ಲಿಸುತ್ತಿದ್ದಳು. "ಮುಂದ?" ಅಂದರೆ, "ಮುಂದ ನಿದ್ದಿ" ಅನ್ನುತ್ತಿದ್ದಳು. ಈಗ ನನಗೆ ಅರ್ಥವಾಗುತ್ತಿದೆ.

ಹಾಗಂತ ಡ್ರ್ಯಾಗನ್ ಸೇರಿಸಿದ್ದೆಲ್ಲ ಒಳ್ಳೇ ಪುಸ್ತಕ ಅಂತ ನಾನು ಹೇಳ್ತಿಲ್ಲ. ಡ್ರ್ಯಾಗನ್ ತೆಗೆದರೂ ಕತೆ ಹಾಗೇ ನಿಲ್ಲುತ್ತದೆ ಅಂದರೆ ಅದು ಬರೀ ಅಲಂಕಾರ, ಮುಲಾಜಿಲ್ಲದೆ ಮುಚ್ಚಿಡಿ. 'ಟೂತ್ ಅಂಡ್ ಕ್ಲಾ'ದಲ್ಲಿ ಅದನ್ನು ತೆಗೆಯಲು ಬರುವುದಿಲ್ಲ. ಆಸ್ತಿ ಅಂದರೆ ಯಾರು ಯಾರನ್ನು ತಿಂದು ಬೆಳೆದರು ಅನ್ನೋ ಲೆಕ್ಕ ಅಂತ ಹೇಳಲು ಆ ಹಲ್ಲು ಬೇಕೇ ಬೇಕು.

ಭಾನುವಾರ ಸಂಜೆ ಹೊರಟಾಗ ದೊಡ್ಡವ್ವ ಅಕ್ಕಿ ಚೀಲ, ಒಂದು ಡಬ್ಬಿ ಶೇಂಗಾ ಚಟ್ನಿ ಕೈಗೆ ಕೊಟ್ಟಳು. ಬಸ್ ಗಂಗಾವತಿ ದಾಟುವಷ್ಟರಲ್ಲಿ ಅವಳ ಫೋನ್ ಬಂತು. ಸೀಟು ಸಿಕ್ಕಿತೋ ಇಲ್ಲವೋ ಕೇಳಲಿಕ್ಕೆ ಅಂದುಕೊಂಡೆ.

"ಅಲ್ಲವಾ, ಆ ಹಾವಿನ ಹುಡುಗ್ಯಾರಿಗೆ ಕಡೀಕ ಪಾಲು ಸಿಕ್ತೇನು?"

"ಇನ್ನೂ ಅರ್ಧ ಐತಿ ದೊಡ್ಡವ್ವ."

"ಲಗೂನ ಓದು. ಓದಿ ಫೋನ್ ಮಾಡು," ಅಂದಳು.