ಏಣಿ ಮತ್ತು ವಾರ

ಪ್ರಾಥಮಿಕ ತರಗತಿಯ ಕಲಿಕೆಯನ್ನು ಯಾವ ಕಾಲಮಾನದಿಂದ ಅಳೆಯಬೇಕು ಎಂಬುದು ಮೇಲ್ನೋಟಕ್ಕೆ ವೇಳಾಪಟ್ಟಿಯ ಪ್ರಶ್ನೆಯಂತೆ ಕಂಡರೂ, ಮಗು ಕಲಿಯುವುದು ಒಂಟಿಯಾಗಿಯೋ ಇತರರೊಡನೆ ಕೂಡಿಯೋ ಎಂಬ ಹೆಚ್ಚು ಮೂಲಭೂತವಾದ ಪ್ರಶ್ನೆ ಅದರೊಳಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ 200 ಶಾಲಾ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ನಿಗದಿ ಮಾಡುತ್ತದೆ. ವಾರದ ಲೆಕ್ಕವನ್ನು ಅದು ಹಿಡಿಯುವುದು ಶಿಕ್ಷಕರ ದುಡಿಮೆಗೆ ಮಾತ್ರ, ಪಾಠದ ಸಿದ್ಧತೆಯೂ ಸೇರಿ 45 ಗಂಟೆ ಎಂದು. ಕಾನೂನಿನ ಮಟ್ಟಿಗೆ ವಾರವೆಂಬುದು ಶಿಕ್ಷಕರಿಗುಂಟು, ಮಕ್ಕಳಿಗಿಲ್ಲ.

ಮಗುವಿಗೆ ತನ್ನದೇ ಆದ ಕಾಲವನ್ನು ಕೊಡಲು ಕರ್ನಾಟಕದಲ್ಲಿ ನಡೆದ ದೊಡ್ಡ ಪ್ರಯತ್ನ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಇದರಲ್ಲಿ ಪಠ್ಯವನ್ನು ಮೈಲಿಗಲ್ಲುಗಳೆಂಬ ಸಣ್ಣ ಘಟಕಗಳಾಗಿ ಒಡೆದು ಕಲಿಕಾ ಏಣಿಯ ಮೇಲೆ ಕ್ರಮವಾಗಿ ಜೋಡಿಸಲಾಗಿರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಒಂದು ಕಾರ್ಡು. ಮಗು ತನ್ನ ಕಾರ್ಡನ್ನು ತೆಗೆದುಕೊಂಡು, ಶಿಕ್ಷಕರ ಸಂಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗಿನ ಐದು ಗುಂಪುಗಳಲ್ಲಿ, ಅಂದರೆ 'ತಟ್ಟೆ'ಗಳಲ್ಲಿ, ತನಗೆ ಹೊಂದುವ ಕಡೆ ಕುಳಿತುಕೊಳ್ಳುತ್ತದೆ. ಅಕ್ಷರಗಳು ಕೂಡ ವರ್ಣಮಾಲೆಯ ಸಾಲಿನಲ್ಲಿ ಬರದೆ ರ, ಗ, ಸ, ದ, ಅ ಎಂದು ಮೊದಲಾಗುವುದರಿಂದ, ಕೆಲವೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಓದಬಲ್ಲದು.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಂಥ ಕರಾವಳಿಗೆ ಈ ವ್ಯವಸ್ಥೆ ಒಗ್ಗುವಂಥದ್ದೆಂಬುದನ್ನು ಮೊದಲೇ ಒಪ್ಪಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್-ಜುಲೈನ ಶಾಲಾ ದಿನಗಳು ಮಳೆರಜೆಯಿಂದ ತುಂಡಾಗುತ್ತವೆ. ತುಂಬಿದ ಹಳ್ಳ ದಾಟಲಾಗದ ಮಗು ಮನೆಯಲ್ಲೇ ಉಳಿಯುತ್ತದೆ. ಇಡೀ ತರಗತಿ ಒಂದೇ ಪಾಠದಲ್ಲಿ ಸಾಗುವ ಶಾಲೆಯಲ್ಲಿ ಅಂಥ ಮಗು ಹಿಂದೆ ಬೀಳುತ್ತದೆ, ಏಣಿಯಿರುವ ಶಾಲೆಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಆದರೆ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿರುವ ತರಗತಿಯಲ್ಲಿ ಎಲ್ಲರಿಗೂ ಸೇರಿದ ಕಾಲವೆಂಬುದು ತೆಳುವಾಗುತ್ತದೆ. ಅಕ್ಷರ, ಸಂಕಲನ, ವ್ಯವಕಲನಗಳಂಥ ಕೌಶಲಗಳನ್ನು ಒಡೆದು ಕಾರ್ಡಿಗೆ ಇಳಿಸಬಹುದು. ದಿನದಿಂದ ದಿನಕ್ಕೆ ಬದಲಾಗುವುದನ್ನು ಗಮನಿಸಿ, ಹೋಲಿಸಿ, ಅದರ ಬಗ್ಗೆ ವಾದಿಸುವ ಕಲಿಕೆಯನ್ನು ಇಳಿಸಲಾಗದು, ಏಕೆಂದರೆ ಅದಕ್ಕೆ ಒಂದೇ ವಸ್ತುವನ್ನು ಹಲವರು ಹಲವು ದಿನ ನೋಡಿರಬೇಕು. ನಲಿ-ಕಲಿ ಕೊಠಡಿಯ ಹವಾಮಾನ ನಕ್ಷೆಯನ್ನೇ ತೆಗೆದುಕೊಳ್ಳಬಹುದು. ಪ್ರತಿದಿನ ಬಿಸಿಲು, ಮೋಡ ಅಥವಾ ಮಳೆಯ ಗುರುತು ಹಾಕುವ ಈ ಚಟುವಟಿಕೆ ಬಯಲುಸೀಮೆಯಲ್ಲಿ ಅರ್ಥಪೂರ್ಣವಾದೀತು. ಆಷಾಢದ ಹೊನ್ನಾವರದಲ್ಲಿ ಆರು ದಿನವೂ ಮಳೆಯ ಗುರುತೇ ಬಿದ್ದು, ಮಗು ನೋಡದೆಯೇ ತುಂಬಬಹುದಾದ ಕಾಗದವಾಗುತ್ತದೆ. ಅದರ ಬದಲು ನೇರ ಬದಿಯ ಒಂದೇ ಅಳತೆಯ ಬಾಟಲಿಗಳನ್ನು ದಿನಕ್ಕೊಂದರಂತೆ ಅಂಗಳದಲ್ಲಿಟ್ಟು, ತುಂಬಿದವನ್ನು ಮುಚ್ಚಳ ಹಾಕಿ ಕಿಟಕಿಯ ಬಳಿ ಸಾಲಾಗಿ ಜೋಡಿಸಿದರೆ, ಒಂದನೆಯ ತರಗತಿಯ ಮಗು ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂದು ಹೇಳಬಲ್ಲದು, ಎರಡನೆಯದು ಏರಿಕೆಯ ಕ್ರಮದಲ್ಲಿ ಇಡಬಲ್ಲದು, ಮೂರನೆಯದು ಅಳತೆಪಟ್ಟಿ ಹಿಡಿದು ಸೆಂಟಿಮೀಟರಿನಲ್ಲಿ ಬರೆಯಬಲ್ಲದು. ಮೂರು ತರಗತಿಗಳು ಒಂದೇ ಕೊಠಡಿಯಲ್ಲಿ ಕೂರುವ ಬಹುವರ್ಗ ವ್ಯವಸ್ಥೆಯನ್ನು ಸಾಮಾನ್ಯವಾಗಿ ಶಿಕ್ಷಕರ ಕೊರತೆಯ ಫಲವೆಂದೇ ನೋಡುವುದುಂಟು. ಇಲ್ಲಿ ಅದೇ ಅನುಕೂಲವಾಗುತ್ತದೆ.

ಕೆಲವು ವಿಷಯಗಳ ಸಹಜ ಅಳತೆಯೇ ವಾರ. ಭರತದ, ಅಂದರೆ ಕಡಲಿನ ಉಬ್ಬರದ, ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಏಳು ದಿನಗಳಲ್ಲಿ ಅದು ಹತ್ತಿರ ಹತ್ತಿರ ಆರು ತಾಸು ಮುಂದಕ್ಕೆ ಸರಿದಿರುತ್ತದೆ. ಈ ಸೋಮವಾರ ಶಾಲೆಯ ಗಂಟೆ ಹೊಡೆಯುವಾಗ ಅಘನಾಶಿನಿ ಅಳಿವೆ ತುಂಬಿದ್ದರೆ, ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರು ಇಳಿದಿರುತ್ತದೆ. ಇದನ್ನು ಒಂದು ಅವಧಿಯ ಪಾಠ ಹೇಳಬಲ್ಲದೇ ಹೊರತು ತೋರಿಸಲಾರದು. ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಹೋಗುವವರ ಮನೆಯ ಮಕ್ಕಳಿಗೆ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಸೀಮೆಯ ಮಕ್ಕಳಿಗೆ, ಇದರ ಅರ್ಧ ತಿಳಿವಳಿಕೆ ಮನೆಯಲ್ಲೇ ಇರುತ್ತದೆ. ಮಕ್ಕಳು ನೀರಿಗಿಳಿಯಬೇಕೆಂದೇನೂ ಇಲ್ಲ, ಹಿರಿಯರು ಯಾವ ಹೊತ್ತಿಗೆ ಹೋದರು, ಯಾವಾಗ ಬಂದರು ಎಂದು ದಿನವೂ ಕೇಳಿ ಬಂದರೆ ಸಾಕು. ಹಾಗೆ ತಂದ ಸುದ್ದಿಯನ್ನು ತರಗತಿಗೆ ಹೇಳುವಾಗ ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ ಮಾತಿನ ಮನೆಗಳಿಂದ ಬಂದ ಮಕ್ಕಳು ಶಾಲೆಯ ಕನ್ನಡವನ್ನು ಬಳಸಬೇಕಾದ ನಿಜವಾದ ಸಂದರ್ಭವೂ ಒದಗುತ್ತದೆ. ಕಾರ್ಡಿನೊಡನೆ ಯಾರೂ ಮಾತಾಡುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರೆಂಬುದು ಕಾಯ್ದೆಯ ಮಾನದಂಡ. ಐದು ತರಗತಿಗಳನ್ನು ಹಂಚಿಕೊಂಡ ಇಬ್ಬರಿಗೆ ಏಣಿಯ ದಾಖಲೆಯೇ ಸಾಕಷ್ಟು ಭಾರ. ಆದರೂ ಬಾಟಲಿ ನೋಡಲು, ಭರತದ ಹೊತ್ತು ಬರೆಯಲು ಪ್ರಾರ್ಥನೆಯ ನಂತರದ ಕೆಲವೇ ನಿಮಿಷ ಸಾಕು, ಉಳಿದ ಹೊತ್ತೆಲ್ಲ ಏಣಿಗೇ ಇರಲಿ. ನಿಜವಾದ ಅಡ್ಡಿ ಸಮಯದ್ದಲ್ಲ, ತಪಾಸಣೆಯದು: ಭೇಟಿಗೆ ಬಂದ ಅಧಿಕಾರಿ ನೋಡುವ ಪ್ರಗತಿ ನೋಟದಲ್ಲಿ ಪ್ರತಿ ಮಗುವಿನ ಮೈಲಿಗಲ್ಲಿಗೆ ಜಾಗವಿದೆ, ಮಕ್ಕಳೆಲ್ಲ ಸೇರಿ ವಾರವಿಡೀ ಕಂಡುಕೊಂಡದ್ದಕ್ಕೆ ಇಲ್ಲ. ತಿಂಗಳ ಮೂರನೆಯ ಶನಿವಾರದ ಬ್ಯಾಗ್‌ರಹಿತ ದಿನವನ್ನಾದರೂ, ಬಿಡಿ ಕಾರ್ಯಕ್ರಮವಾಗಿ ಮುಗಿಸದೆ, ಅಂಥ ವಾರದ ಕೊನೆಯ ದಿನವನ್ನಾಗಿ ಮಾಡಬಹುದು. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವಾಗ ಅಳ್ವೆಕೋಡಿ, ಕಾಸರಕೋಡ, ತದಡಿಗಳ ಹಿರಿಯರಲ್ಲಿ ಹಲವರು ದಡದಲ್ಲೇ ಇರುವುದರಿಂದ, ಶನಿವಾರದ ಬೆಳಗಿನ ತರಗತಿಗೆ ಅವರನ್ನು ಕರೆದು, ಮಕ್ಕಳು ಬರೆದಿಟ್ಟ ಭರತದ ಪಟ್ಟಿ ಸರಿಯೋ ತಪ್ಪೋ ಎಂದು ಅವರ ಮುಂದೆಯೇ ಚರ್ಚಿಸಬಹುದು.